ನೂರಕ್ಕೆ ನೂರು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಗಾಂಧಿಬಜಾರಿನಿಂದ ಚಾಮರಾಜಪೇಟೆಯವರೆಗೆ ಒಮ್ಮೆ ನಡೆದು ನೋಡಿ. ಎಷ್ಟೋ ಶಾಲೆಗಳ ಗೇಟಿನ ಮೇಲೆ 'ನೂರಕ್ಕೆ ನೂರು ಫಲಿತಾಂಶ' ಎಂಬ ಬ್ಯಾನರು, ಕೆಳಗೆ ಮಕ್ಕಳ ಫೋಟೋ. ನನಗೆ ಮಾತ್ರ ಅಲ್ಲಿಲ್ಲದ ಮುಖಗಳು ನೆನಪಾಗುತ್ತವೆ. ಒಂಬತ್ತನೇ ತರಗತಿ ಮುಗಿಯುತ್ತಲೇ ತಂದೆ-ತಾಯಿಯನ್ನು ಕರೆಸಿ, "ನಿಮ್ಮ ಹುಡುಗನಿಗೆ ಇಲ್ಲಿ ಕಷ್ಟ, ಟಿ.ಸಿ. ತೊಗೊಂಡು ಬೇರೆ ಕಡೆ ಸೇರಿಸಿ" ಎಂದು ನಯವಾಗಿ ಸಾಗಹಾಕಿದ ಮಕ್ಕಳು ಅವರು. ಆ ಕೋಣೆಯಲ್ಲಿ ನಾನೂ ಕೂತಿದ್ದೇನೆ, ಅಂಕಪಟ್ಟಿ ಹಿಡಿದು, ಬಾಯಿ ಮುಚ್ಚಿಕೊಂಡು.

ಒಂಬತ್ತನೇ ತರಗತಿಯೇ ಯಾಕೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಕಾನೂನಿನ ಕಾವಲು ಮುಗಿದ ಮರುವರ್ಷವೇ ನಮ್ಮವರ ಜರಡಿ ಹೊರಬರುತ್ತದೆ!

2012ರ ಸುಮಾರಿಗೆ ನನ್ನ ತರಗತಿಯಲ್ಲೊಬ್ಬ ಹುಡುಗನಿದ್ದ. ತಂದೆಗೆ ಇಸ್ತ್ರಿ ಅಂಗಡಿ. ಪದ್ಯವನ್ನು ಎರಡು ಸಲ ಕೇಳಿದರೆ ಸಾಕು, ರಾಗವಾಗಿ ಒಪ್ಪಿಸುತ್ತಿದ್ದ. ಬರೆಯಲು ಕೂತರೆ 'ಕಣ್ಣು' 'ಕಣು' ಆಗುತ್ತಿತ್ತು, 'ಮರ' 'ವರ' ಆಗುತ್ತಿತ್ತು. ಸೋಮಾರಿ ಎಂದು ಬೈದು ಐವತ್ತು ಸಲ ಇಂಪೊಸಿಷನ್ ಬರೆಸಿದೆ. ಐವತ್ತು ಸಲವೂ ಮುದ್ದಾಗಿ ತಪ್ಪೇ ಬರೆದು ತಂದ. "ಮಿಸ್, ಬಾಯಲ್ಲಿ ಹೇಳಲಾ?" ಎಂದು ಕೇಳಿದ. ಪರೀಕ್ಷೆಯಲ್ಲಿ ಬಾಯಲ್ಲಿ ಹೇಳ್ತೀಯೇನೋ ಎಂದು ಗದರಿಸಿದೆ. ಆ ವರ್ಷದ ಕೊನೆಗೆ ಅವನೂ ಟಿ.ಸಿ. ತೊಗೊಂಡು ಹೋದ.

ಅವನದು ಸೋಮಾರಿತನವಲ್ಲ ಎಂದು ನನಗೆ ಬಿ.ಎಡ್.ನಲ್ಲಿ ಯಾರೂ ಹೇಳಿರಲಿಲ್ಲ. 2007ರಲ್ಲಿ 'ತಾರೇ ಜಮೀನ್ ಪರ್' ನೋಡಿ ಅತ್ತವಳೇ ನಾನು. ಆದರೂ ಡಿಸ್ಲೆಕ್ಸಿಯಾ ಅಂದರೆ ಇಂಗ್ಲಿಷ್ ಅಕ್ಷರ ತಿರುವುಮುರುವಾಗುವ ಕಾಯಿಲೆ ಎಂದುಕೊಂಡಿದ್ದೆ. ಕನ್ನಡದಲ್ಲಿ ಅದರ ವೇಷವೇ ಬೇರೆ. ಒತ್ತು ಬಿಟ್ಟುಹೋಗುತ್ತದೆ, ದೀರ್ಘ ತಪ್ಪುತ್ತದೆ, ಓದು ಆಮೆಯಂತೆ ತೆವಳುತ್ತದೆ. ಕಾಗುಣಿತ, ಒತ್ತಕ್ಷರ ಸೇರಿದರೆ ನಮ್ಮ ಮಕ್ಕಳು ಗುರುತಿಡಬೇಕಾದ ರೂಪಗಳು ನೂರಾರು. ಇದೇ ಬೆಂಗಳೂರಿನಲ್ಲಿ ಕೆಲಸ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕನ್ನಡದ ಅಕ್ಷರಗಳನ್ನು ಪೂರ್ತಿ ಕೈವಶ ಮಾಡಿಕೊಳ್ಳುವುದು ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದೆ. ನಾವೋ ಒಂದನೇ ತರಗತಿಯಲ್ಲೇ ಅಕ್ಷರಮಾಲೆ ಮುಗಿಯಿತೆಂದು ಕೈತೊಳೆದುಕೊಳ್ಳುತ್ತೇವೆ. ಕನ್ನಡದಲ್ಲೇ ಈ ತೊಂದರೆಯನ್ನು ಪತ್ತೆ ಮಾಡುವ 'ಡಾಲಿ' ಎಂಬ ಪರೀಕ್ಷಾ ಸಾಮಗ್ರಿ 2015ರಿಂದಲೇ ಇದೆ. ನಮ್ಮ ಸ್ಟಾಫ್ ರೂಮಿನಲ್ಲಿ ಅದರ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ, ನನ್ನನ್ನೂ ಸೇರಿಸಿ.

1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕೆಯ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ಕಾಯ್ದೆ ಅದನ್ನು ಸೇರಿಸಿತು. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ರೀತಿ ಕಲಿಸುವುದು ಶಾಲೆಯ ಹೊಣೆ ಎನ್ನುತ್ತದೆ. ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ, ಎರಡನೆಯ ಮೂರನೆಯ ಭಾಷೆಯಿಂದ ವಿನಾಯಿತಿ, ಎಲ್ಲವನ್ನೂ ಹೇಳುತ್ತದೆ. ನಡೆಯುವುದೇನು? ಮೂರನೇ ತರಗತಿಯಲ್ಲಿ ಕಾಣಬೇಕಾದದ್ದು ಹತ್ತನೇ ತರಗತಿಯಲ್ಲಿ ಕಾಣುತ್ತದೆ. ಆಮೇಲೆ ಸರ್ಟಿಫಿಕೇಟಿಗಾಗಿ ನಿಮ್ಹಾನ್ಸಿಗೆ ಓಡಾಟ. ವಿನಾಯಿತಿ ಸಿಕ್ಕರೂ ಓದು ಬಂದಿರುವುದಿಲ್ಲ.

"ಅವನಿಗೆ ಹೆಚ್ಚು ಹೊತ್ತು ಕೊಟ್ಟರೆ ಕಷ್ಟಪಟ್ಟು ಓದಿದವರಿಗೆ ಅನ್ಯಾಯವಲ್ಲವೇ?" ಎನ್ನುತ್ತಾರೆ ಸಹೋದ್ಯೋಗಿಗಳು. ನಾನು ಈಗ ಕನ್ನಡಕವಿಲ್ಲದೆ ಒಂದು ಉತ್ತರಪತ್ರಿಕೆಯನ್ನೂ ತಿದ್ದಲಾರೆ. ಬರಿಗಣ್ಣಿನಲ್ಲಿ ತಿದ್ದುವ ಮೇಷ್ಟರಿಗೆ ನನ್ನಿಂದ ಅನ್ಯಾಯವಾಯಿತೆಂದು ಯಾರೂ ದೂರಿಲ್ಲ!

ಬ್ಯಾನರು ಹಾಕುವವರಿಗೆ ನನ್ನದೊಂದೇ ಸವಾಲು. ನೂರಕ್ಕೆ ನೂರು ಎನ್ನುವುದರ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಈ ಮಕ್ಕಳು ಎಂಟನೇ ತರಗತಿಯಲ್ಲಿದ್ದಾಗ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರುಗಳಿದ್ದವು ಎಂಬುದನ್ನೂ ಅಚ್ಚು ಹಾಕಿಸಿ.