ವಾರ್ಫರಿನ್ ಮಾತ್ರೆಯ ಮೇಲಿರುವ ಹಿರಿಯರಿಗೆ ಊರಲ್ಲೇ ರಕ್ತಪರೀಕ್ಷೆ ಕೋರಿ ಮನವಿ

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು,
ಧಾರವಾಡ.

ಇಂದ,
ಯರಗುಪ್ಪಿ ಗ್ರಾಮದ ಹಿರಿಯ ನಾಗರಿಕರು,
ಕುಂದಗೋಳ ತಾಲ್ಲೂಕು.

ಮಾನ್ಯರೇ,

ನಮ್ಮ ಕಡೆ ವಯಸ್ಸಾದವರ ಒಂದೇ ಕಾಲು ಬಾತರೆ ‘ವಾಯು’ ಎಂದು ಎಣ್ಣೆ ಕಾಯಿಸಿ ಮೀನಖಂಡ ತಿಕ್ಕುವುದು ರೂಢಿ. ಸೊಂಟ ಮುರಿದು ಹಾಸಿಗೆ ಹಿಡಿದವರಲ್ಲಿ, ಆಪರೇಷನ್ ಆದವರಲ್ಲಿ ಆ ಬಾವು ರಕ್ತ ಹೆಪ್ಪುಗಟ್ಟಿದ್ದರ ಗುರುತೂ ಆಗಿರಬಹುದು. ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದೀತು.

ಹುಬ್ಬಳ್ಳಿಯಲ್ಲಿ ಕಾಲಿನ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದವರು ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಮಾತ್ರೆಯ ಚೀಟಿ ಹಿಡಿದು ಬರುತ್ತಾರೆ. ಮಾತ್ರೆ ತುಟ್ಟಿಯದಲ್ಲ, ಅದರ ಲೆಕ್ಕ ನೋಡಿಸುವುದೇ ತುಟ್ಟಿ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆಯಾದ ಐಎನ್‌ಆರ್ ಸಾಮಾನ್ಯವಾಗಿ 2ರಿಂದ 3ರೊಳಗೆ ನಿಲ್ಲಬೇಕು. ಇಳಿದರೆ ಮತ್ತೆ ಹೆಪ್ಪು, ಏರಿದರೆ ರಕ್ತಸ್ರಾವ. ಶುರುವಿನಲ್ಲಿ ಮೇಲಿಂದ ಮೇಲೆ, ಆಮೇಲೂ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಿ ನೋಡಿಸಬೇಕು. ಶಕ್ತಿ ಯೋಜನೆಯಲ್ಲಿ ಅಜ್ಜಿಯರಿಗೆ ಬಸ್ಸು ಪುಕ್ಕಟೆ, ಅಜ್ಜಂದಿರಿಗೆ ಟಿಕೆಟ್. ದಿನ ಮಾತ್ರ ಇಬ್ಬರದೂ ಹೋಗುತ್ತದೆ, ಜೊತೆಗೆ ಬಂದ ಮಗನ ಕೂಲಿಯೂ. ಹೀಗಾಗಿ ಪರೀಕ್ಷೆ ತಪ್ಪುತ್ತದೆ, ಮಾತ್ರೆ ನಡೆಯುತ್ತಲೇ ಇರುತ್ತದೆ.

ಊಟದ ಮಾತೂ ಇದೆ. ಹಿಂಗಾರಿಯಲ್ಲಿ ರೊಟ್ಟಿಯ ಜೊತೆ ಮೆಂತ್ಯ, ಹಕ್ಕರಕಿ ಹಿಡಿಹಿಡಿ ತಿನ್ನುತ್ತೇವೆ, ಬೇಸಿಗೆಗೆ ಅದು ನಿಲ್ಲುತ್ತದೆ. ತಪ್ಪಲು ಪಲ್ಯದ ವಿಟಮಿನ್ ಕೆ ಏರಿದರೆ ಐಎನ್‌ಆರ್ ಇಳಿಯುತ್ತದೆ, ಅದು ಇಳಿದರೆ ಇದು ಏರುತ್ತದೆ. ಪಲ್ಯ ಬಿಡಿ ಎಂದರೆ ಯಾರೂ ಬಿಡರು, ಬಿಡಬೇಕಾಗಿಯೂ ಇಲ್ಲ. ಒಂದೇ ಪ್ರಮಾಣದಲ್ಲಿ ತಿನ್ನಿ ಎಂದು ಹೇಳುವವರು ಬೇಕು. ಮೊಣಕಾಲು ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್ ಇದಕ್ಕಿಂತ ಕೆಟ್ಟದ್ದು, ವಾರ್ಫರಿನ್ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರೀತು.

ಹೃದಯಾಘಾತಕ್ಕೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್‌ನಂಥ ದುಬಾರಿ ಚುಚ್ಚುಮದ್ದನ್ನು ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳವರೆಗೆ ಉಚಿತವಾಗಿ ತಂದಿದೆ. ಬೆರಳು ಚುಚ್ಚಿ ಒಂದು ಹನಿ ರಕ್ತದಲ್ಲಿ ಐಎನ್‌ಆರ್ ತೋರಿಸುವ, ಸಕ್ಕರೆ ನೋಡುವ ಮಷೀನಿನಂಥದ್ದೇ ಯಂತ್ರವೊಂದು ಹಳ್ಳಿಗೆ ಬರಬಾರದೇ?

ಆದ್ದರಿಂದ ನಮ್ಮ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಯಂತ್ರ, ರಕ್ತದ ಹನಿ ಹಾಕುವ ಪರೀಕ್ಷಾ ಪಟ್ಟಿಗಳ ಸಮೇತ, ತಿಂಗಳಲ್ಲಿ ಎರಡು ಗೊತ್ತಾದ ದಿನ ಸಿಗುವಂತೆ ಮಾಡಬೇಕು. ಒಂದೇ ಕಾಲು ಬಾತವರನ್ನು, ಒಮ್ಮೆಲೇ ಏದುಸಿರು ಬಂದವರನ್ನು ತಡಮಾಡದೆ ಕಳುಹಿಸಲು ಆಶಾ ಕಾರ್ಯಕರ್ತೆಯರಿಗೆ ತರಬೇತಿ ಬೇಕು. ಪರೀಕ್ಷೆಗೆ ಓಡಾಡಲಾಗದವರಿಗೆ, ಮೂತ್ರಪಿಂಡ ಸರಿಯಿದ್ದು ವೈದ್ಯರು ಒಪ್ಪಿದರೆ, ಐಎನ್‌ಆರ್ ನೋಡಿಸುತ್ತಿರಬೇಕಿಲ್ಲದ, 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಡಾಬಿಗಾಟ್ರಾನ್ ಉಚಿತವಾಗಿ ಸಿಗಬೇಕು.

ನಮ್ಮ ಹಳೆಯ ಚೀಟಿಗಳೆಲ್ಲ ಕ್ಯಾರಿಬ್ಯಾಗಿನಲ್ಲಿ ಹಾಗೇ ಇವೆ. ತಾವು ಬಂದರೆ ತೋರಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಯರಗುಪ್ಪಿ ಗ್ರಾಮದ ಹಿರಿಯ ನಾಗರಿಕರು
(ಸಹಿ ಮತ್ತು ಹೆಬ್ಬೆಟ್ಟುಗಳು)