ಅಕ್ಕಿ ಆರೋಯ್ತು
ಮಾತನ್ನು ಅಕ್ಷರಕ್ಕಿಳಿಸುವ ಯಂತ್ರ ಹೊಸಬರ ಮಾತಿಗೆ ಎಷ್ಟು ಬೇಗ ಹೊಂದಿಕೊಳ್ಳುತ್ತದೆ ಎಂಬುದೇ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ. ಹೊಂದಿಕೊಳ್ಳಬೇಕಾದದ್ದು ಎಲ್ಲರ ಬಾಯಿಯ ಅಳತೆಯೂ ಒಂದೇ ಅಲ್ಲವೆಂದು. ಗಂಡಸಿನ ಗಂಟಲಿನಿಂದ ತುಟಿಯವರೆಗಿನ ನಾಳ ಸುಮಾರು 17 ಸೆಂಟಿಮೀಟರ್, ಹೆಂಗಸಿನದು ಸುಮಾರು 14, ಮಗುವಿನದು ಇನ್ನೂ ಗಿಡ್ಡ. ನಾಳ ಗಿಡ್ಡವಾದಷ್ಟೂ ಫಾರ್ಮೆಂಟುಗಳು, ಅಂದರೆ ಸ್ವರಗಳ ಗುರುತು ಹೇಳುವ ಅನುರಣನದ ಕಂಪನಾಂಕಗಳು, ಮೇಲೇರುತ್ತವೆ. ಬೆಲ್ ಪ್ರಯೋಗಾಲಯದ ಪೀಟರ್ಸನ್ ಮತ್ತು ಬಾರ್ನಿ 1952ರಲ್ಲಿ 76 ಜನರ ಇಂಗ್ಲಿಷ್ ಸ್ವರಗಳನ್ನು ಅಳೆದು ಪ್ರಕಟಿಸಿದಾಗ, ಒಬ್ಬರ ಒಂದು ಸ್ವರ ಇನ್ನೊಬ್ಬರ ಬೇರೊಂದು ಸ್ವರದ ಜಾಗದಲ್ಲೇ ಬಂದು ಕೂತಿತ್ತು.

ಮನುಷ್ಯರ ಕಿವಿ ಇದರಿಂದ ಕಂಗೆಡುವುದಿಲ್ಲ. ಏಕೆಂಬುದಕ್ಕೆ ಲ್ಯಾಡಿಫೋಗಿಡ್ ಮತ್ತು ಬ್ರಾಡ್‌ಬೆಂಟ್ ಎಂಬ ಸಂಶೋಧಕರ 1957ರ ಪ್ರಯೋಗದಷ್ಟು ಸೊಗಸಾದ ಉತ್ತರ ಇನ್ನೊಂದಿಲ್ಲ. ಕೃತಕ ದನಿಯಲ್ಲಿ ಒಂದು ಪುಟ್ಟ ವಾಕ್ಯ, ಅದರ ಬೆನ್ನಿಗೇ ಒಂದು ಪದ. ಪದವನ್ನು ಮುಟ್ಟದೆ ವಾಕ್ಯದ ಮೊದಲ ಫಾರ್ಮೆಂಟನ್ನಷ್ಟೇ ಕೆಳಗಿಳಿಸಿದರು. ಅಲ್ಲಿಯವರೆಗೆ ‘ಬಿಟ್’ ಎಂದು ಕೇಳಿಸುತ್ತಿದ್ದ ಪದ ಹೆಚ್ಚಿನವರಿಗೆ ‘ಬೆಟ್’ ಎಂದು ಕೇಳಿಸಿತು. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಕಿವಿ ಎದುರಿನವರ ಅಳತೆ ತೆಗೆದುಕೊಂಡಾಗಿತ್ತು, ದರ್ಜಿಯ ಟೇಪಿಲ್ಲದೆ.

ಯಂತ್ರಕ್ಕೆ ಈ ಚುರುಕಿರಲಿಲ್ಲ. 1990ರ ದಶಕದ ಡಿಕ್ಟೇಶನ್ ತಂತ್ರಾಂಶಗಳು ಕೊಂಡವರಿಂದ ಮೊದಲು ಪುಟಗಟ್ಟಲೆ ಓದಿಸುತ್ತಿದ್ದವು. 1995ರಲ್ಲಿ ಕೇಂಬ್ರಿಜ್‌ನ ಲೆಗೆಟರ್ ಮತ್ತು ವುಡ್‌ಲ್ಯಾಂಡ್ ಮಿತವ್ಯಯದ ದಾರಿ ತೋರಿಸಿದರು: ಯಂತ್ರ ಒಂದೊಂದು ಧ್ವನಿಗೂ ಇಟ್ಟುಕೊಂಡ ಸಾವಿರಾರು ಸರಾಸರಿಗಳನ್ನು ಒಂದೊಂದಾಗಿ ತಿದ್ದದೆ, ಒಂದೇ ಮ್ಯಾಟ್ರಿಕ್ಸ್‌ನಿಂದ ಎಲ್ಲವನ್ನೂ ಒಟ್ಟಿಗೆ ಸರಿಸುವುದು. ಧ್ವನಿಯನ್ನು ಅಳೆಯಲು 39 ಲಕ್ಷಣಗಳಿದ್ದರೆ ಕಲಿಯಬೇಕಾದ್ದು 39×40, ಅಂದರೆ 1560 ಸಂಖ್ಯೆ. ಆ ವ್ಯಕ್ತಿಯ ಬಾಯಿಂದ ಇನ್ನೂ ಹೊರಡದ ಧ್ವನಿಗಳೂ ಜೊತೆಗೇ ಸರಿಯುತ್ತವೆ. ಇಂದಿನ ನರಜಾಲಗಳಲ್ಲಿ ದೊಡ್ಡ ಮಾದರಿಯನ್ನು ಹಾಗೇ ಬಿಟ್ಟು ಚಿಕ್ಕ ತುಣುಕನ್ನಷ್ಟೇ ತಿದ್ದುವುದೂ ಇದೇ ಜಾಡು.

ತಿದ್ದುವುದಕ್ಕೆ ಸರಿಯುತ್ತರ ಬೇಕು. ಓದಿಸದೆ ತಿದ್ದಿಕೊಳ್ಳುವ ಯಂತ್ರ ತಾನು ಬರೆದದ್ದನ್ನೇ ಸರಿಯೆಂದು ನಂಬುತ್ತದೆ. ಹಳೇ ಮೈಸೂರು ಸೀಮೆಯಲ್ಲಿ ಹಕಾರ ನುಂಗುವವರು ಹಕ್ಕಿ ಹಾರಿಹೋದದ್ದನ್ನು ‘ಅಕ್ಕಿ ಆರೋಯ್ತು’ ಎನ್ನುತ್ತಾರೆ. ಯಂತ್ರ ಅಕ್ಕಿಯನ್ನು ಒಣಗಿಸಿ, ಮುಂದಿನ ಸಲಕ್ಕೆ ಅದನ್ನೇ ಪಾಠ ಮಾಡಿಕೊಳ್ಳುತ್ತದೆ. ಹೀಗೆ ಹಕಾರ ನುಂಗುವವರಿಗೆ ‘ದಯವಿಟ್ಟು ಸ್ಪಷ್ಟವಾಗಿ ಮಾತನಾಡಿ’ ಎಂದು ಉಪದೇಶಿಸುವ ಫೋನ್ ದನಿಗಳ ಸೊಕ್ಕು ಸಹಿಸುವಂಥದ್ದಲ್ಲ. ಅವರ ಮಾತು ಸ್ಪಷ್ಟವಾಗಿಯೇ ಇದೆ.

ಹಾಗಾಗಿ ಬೇಗ–ತಡದ ಲೆಕ್ಕಕ್ಕಿಂತ ಮೊದಲು, ಯಾವ ವ್ಯತ್ಯಾಸ ಮೈಯದು, ಯಾವುದು ಊರಿನದು ಎಂದು ಬಿಡಿಸಿಕೊಳ್ಳಬೇಕು. ನಾಳದ ಅಳತೆಯನ್ನು ಮ್ಯಾಟ್ರಿಕ್ಸ್ ಸರಿದೂಗಿಸೀತು. ನಾಲಗೆಗೆ ಬಾರದೇ ಹೋದ ಹಕಾರವನ್ನು ಎಲ್ಲಿಂದ ಸರಿಸಿ ತರುವುದು? ಯಂತ್ರದ ಉಚ್ಚಾರಣೆಯ ಕೋಶದಲ್ಲಿ ‘ಹಕ್ಕಿ’ಗೆ ‘ಅಕ್ಕಿ’ ಎಂಬ ಇನ್ನೊಂದು ಉಚ್ಚಾರಣೆ ಸೇರಿಸಬೇಕು. ಸೇರಿಸಿದ ಮೇಲೆ ನಿಜವಾದ ಅಕ್ಕಿ ಬಂದಾಗಲೂ ಅನುಮಾನ ತಪ್ಪಿದ್ದಲ್ಲ. ಹಿಂದಿನ ವಾಕ್ಯದಲ್ಲಿ ಇದ್ದದ್ದು ಮರವೋ ಮೊರವೋ ಎಂದು ನೋಡಿಯೇ ತೀರ್ಮಾನಿಸಬೇಕು.