ನಾಲ್ಕು ಲಕ್ಷದ ಎಲೆಕ್ಟ್ರಿಕ್ ಬೈಕು: ವೇಗ ಬಿಡಿ, ಮೋಟಾರು ಯಾರದ್ದು ಅಂತ ಕೇಳಿ

ಹೋದ ತಿಂಗಳು ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಐಟಿ ಕೆಲಸ, ಮನೆ ಮೈಸೂರಿನ ವಿಜಯನಗರದಲ್ಲಿ. 'ಅಣ್ಣಾ, ಎಫ್77 ತಗೊಳ್ಳೋಣ ಅಂತಿದೀನಿ. ನೀನು ಇಂಜಿನಿಯರಿಂಗ್ ಓದಿದವನಲ್ವಾ, ದುಡ್ಡಿಗೆ ಮೋಸ ಇಲ್ಲ ತಾನೇ?' ಅಂದ.

ಓದಿದ್ದು ಇಂಜಿನಿಯರಿಂಗ್, ಮಾಡ್ತಿರೋದು ಪತ್ರಿಕೋದ್ಯಮ. ಹಾಗಾಗಿ ಅವನ ಒಂದು ಪ್ರಶ್ನೆಗೆ ನನ್ನಲ್ಲಿ ಎರಡು ಉತ್ತರ ಇದ್ದವು.

ಮೊದಲು ಇಂಜಿನಿಯರ್ ಉತ್ತರ. ಬೆಂಗಳೂರಿನ ಅಲ್ಟ್ರಾವಯಲೆಟ್ ಕಂಪನಿ 2024ರ ಏಪ್ರಿಲ್‌ನಲ್ಲಿ ತಂದ ಎಫ್77 ಮ್ಯಾಕ್ 2 ರೆಕಾನ್ ಕಾಗದದ ಮೇಲೆ ಜೋರಾಗಿಯೇ ಇದೆ. 30 ಕಿಲೋವ್ಯಾಟ್ ಮೋಟಾರು, 100 ನ್ಯೂಟನ್ ಮೀಟರ್ ಟಾರ್ಕ್, 10.3 ಯೂನಿಟ್ ಬ್ಯಾಟರಿ, ಗಂಟೆಗೆ 155 ಕಿ.ಮೀ. ವೇಗ. ಬಿಡುಗಡೆಯ ಹೊತ್ತಿಗೆ ಶೋರೂಂ ಬೆಲೆ 3.99 ಲಕ್ಷ ರೂಪಾಯಿ. ಬೆಂಗಳೂರಿನ ಹುಡುಗರು ಇಲ್ಲೇ ಕೂತು ಇಂಥದ್ದೊಂದನ್ನು ಕಟ್ಟಿದ್ದಾರೆ ಅನ್ನೋದೇ ಖುಷಿಯ ವಿಷಯ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ 155ರ ವೇಗವನ್ನು ಎಲ್ಲಿ ಓಡಿಸ್ತೀಯಪ್ಪ? ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. ಪೆಟ್ರೋಲ್ ಆದರೂ ಅಷ್ಟೇ, ಕರೆಂಟ್ ಆದರೂ ಅಷ್ಟೇ. ಬೆಂಗಳೂರಿನಲ್ಲಿ ಹುಟ್ಟಿದ ಬೈಕು ಮೈಸೂರಿಗೆ ಬರಬೇಕಾದರೆ ಸರ್ವಿಸ್ ರಸ್ತೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಬರಬೇಕು.

ಸರಿ, ಚಾಮುಂಡಿ ಬೆಟ್ಟಕ್ಕಾದರೂ ಬೇಕಲ್ವಾ ಅಷ್ಟು ಪವರ್? ಲೆಕ್ಕ ಹಾಕೋಣ. ಬೈಕು, ಸವಾರ ಸೇರಿ 280 ಕಿಲೋ ಅಂತಿಟ್ಟುಕೊಳ್ಳಿ. ಬೆಟ್ಟದ ತುದಿ ಊರಿಗಿಂತ ಸುಮಾರು 300 ಮೀಟರ್ ಎತ್ತರ. ಅಷ್ಟು ಭಾರವನ್ನು ಅಷ್ಟು ಮೇಲಕ್ಕೆ ಎತ್ತಲು ಬೇಕಾದ ಶಕ್ತಿ ಕಾಲು ಯೂನಿಟ್ಟಿಗಿಂತ ಕಮ್ಮಿ. ಗಾಳಿ, ಟೈರಿನ ಘರ್ಷಣೆ, ಮೋಟಾರಿನ ನಷ್ಟ ಎಲ್ಲ ಬೇರೆ ಸೇರುತ್ತೆ, ಇರಲಿ. ಹತ್ತು ಅಡಿಗೆ ಒಂದು ಅಡಿ ಏರುವಂಥ ಕಡಿದಾದ ದಾರಿಯಲ್ಲೂ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹತ್ತಲು ನಾಲ್ಕು ಕಿಲೋವ್ಯಾಟ್ ಆಸುಪಾಸು ಸಾಕು. ಉಳಿದ 26 ಕಿಲೋವ್ಯಾಟ್ ಇರೋದು ಸಿಗ್ನಲ್ ಬಿಟ್ಟ ಕೂಡಲೇ ಚಿಮ್ಮೋಕೆ, ಹೈವೇಯಲ್ಲಿ ಓವರ್‌ಟೇಕ್ ಮಾಡೋಕೆ. ಅದು ಮಜಾ. ಮಜಾಕ್ಕೆ ದುಡ್ಡು ಕೊಡೋದು ತಪ್ಪಲ್ಲ. ಅದನ್ನು ಅಗತ್ಯ ಅಂತ ಅಂದುಕೊಳ್ಳೋದು ಬೇಡ, ಅಷ್ಟೇ.

ಬ್ರೋಶರ್‌ನಲ್ಲಿ ಏನು ನೋಡಬೇಕು?

ದುಬಾರಿ ಎಲೆಕ್ಟ್ರಿಕ್ ಬೈಕನ್ನು ತೂಗುವಾಗ ಮೊದಲು ನೋಡಬೇಕಾದ್ದು ಪೀಕ್ ಪವರ್ ಅಲ್ಲ, ನಿರಂತರ ಪವರ್. ಪೀಕ್ ಅಂದರೆ ಕೆಲವೇ ಕ್ಷಣ ಕೊಡಬಲ್ಲದ್ದು. ನಿರಂತರ ಅಂದರೆ ಬಿಸಿಯಾಗಿ ಸುಸ್ತಾಗದೆ ಕೊಡುತ್ತಲೇ ಇರಬಲ್ಲದ್ದು. 2023ರಲ್ಲಿ ಎರಡೂವರೆ ಲಕ್ಷಕ್ಕೆ ಬಂದ ಟಿವಿಎಸ್ ಎಕ್ಸ್ ಸ್ಕೂಟರಿನ ಪೀಕ್ 11 ಕಿಲೋವ್ಯಾಟ್, ನಿರಂತರ 7. ಅದೇ ಕಂಪನಿಯ ಐಕ್ಯೂಬ್‌ನ ಪೀಕ್ 4.4, ನಿರಂತರ 3. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರೋದು ಮೊದಲನೆಯ ಸಂಖ್ಯೆ. ದಿನಾ ನಿಮ್ಮನ್ನು ಹೊತ್ತೊಯ್ಯೋದು ಎರಡನೆಯದು.

ಎರಡನೇ ವಿಷಯ, ಮೋಟಾರು ಎಲ್ಲಿ ಕೂತಿದೆ ಅನ್ನೋದು. ಐಕ್ಯೂಬ್‌ನಂಥ ಸ್ಕೂಟರಿನಲ್ಲಿ ಅದು ಹಿಂದಿನ ಚಕ್ರದ ಒಳಗೇ ಇರುತ್ತೆ. ಬೆಲ್ಟ್ ಇಲ್ಲ, ಚೈನ್ ಇಲ್ಲ, ರಿಪೇರಿ ಕಮ್ಮಿ. ಆದರೆ ಗುಂಡಿಗೆ ಬಿದ್ದಾಗ ಪೆಟ್ಟು ನೇರವಾಗಿ ಮೋಟಾರಿಗೆ, ಬಿಸಿ ಹೊರಹೋಗಲು ಜಾಗವೂ ಕಮ್ಮಿ. ಏಥರ್ 450ರಲ್ಲಿ ಮೋಟಾರು ನಡುವೆ ಕೂತು ಬೆಲ್ಟ್ ಮೂಲಕ ಚಕ್ರ ತಿರುಗಿಸುತ್ತೆ, ಎಫ್77ನಲ್ಲಿ ಚೈನ್ ಮೂಲಕ. ಸಣ್ಣ ಮೋಟಾರನ್ನು ಜೋರಾಗಿ ತಿರುಗಿಸಿ, ವೇಗ ಇಳಿಸಿ, ಎಳೆಯುವ ಬಲ ಹೆಚ್ಚಿಸುವ ಉಪಾಯ ಇದು. ದುಬಾರಿ ಬೈಕುಗಳು ಇದನ್ನೇ ಆರಿಸಿಕೊಳ್ಳೋದಕ್ಕೆ ಕಾರಣವೂ ಇದೇ.

ಇಲ್ಲಿಗೆ ಇಂಜಿನಿಯರ್ ಉತ್ತರ ಮುಗೀತು: ದುಡ್ಡಿದ್ದರೆ ತಗೋ, ಒಳ್ಳೆ ಬೈಕು. ಪತ್ರಕರ್ತನ ಉತ್ತರ ಶುರುವಾಗೋದು ಮೋಟಾರಿನ ಒಳಗಡೆ.

ಆಯಸ್ಕಾಂತದ ರಾಜಕಾರಣ

ಇವತ್ತಿನ ಬಹುತೇಕ ಎಲೆಕ್ಟ್ರಿಕ್ ದ್ವಿಚಕ್ರ ವಾಹನಗಳ ಮೋಟಾರಿನ ತಿರುಗುವ ಭಾಗದಲ್ಲಿ ಶಾಶ್ವತ ಆಯಸ್ಕಾಂತಗಳಿರುತ್ತವೆ. ಅವು ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿಸಿ ಮಾಡಿದವು. ಬಿಸಿಯಾದರೆ ಆಯಸ್ಕಾಂತದ ಕಸುವು ಕುಗ್ಗುತ್ತೆ. ಕುಗ್ಗದಿರಲಿ ಅಂತ ಡಿಸ್ಪ್ರೋಸಿಯಂ, ಟರ್ಬಿಯಂ ಅನ್ನೋ ಅಪರೂಪದ ಭಾರಲೋಹಗಳನ್ನು ಚೂರು ಬೆರೆಸುತ್ತಾರೆ. ಇಂಥ ಆಯಸ್ಕಾಂತಗಳಲ್ಲಿ ಜಗತ್ತಿನ ಶೇ. 90ರಷ್ಟು ತಯಾರಾಗೋದು ಚೀನಾದಲ್ಲಿ.

2025ರ ಏಪ್ರಿಲ್ 4ರಂದು ಚೀನಾ ಈ ಎರಡೂ ಸೇರಿದಂತೆ ಏಳು ಅಪರೂಪದ ಲೋಹಗಳು ಮತ್ತು ಅವುಗಳಿಂದಾದ ಆಯಸ್ಕಾಂತಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಮೂರೇ ತಿಂಗಳಲ್ಲಿ ನಮ್ಮ ಕಂಪನಿಗಳು ಏದುಸಿರು ಬಿಟ್ಟವು. ಆಗಸ್ಟ್‌ನಲ್ಲಿ ಎಲೆಕ್ಟ್ರಿಕ್ ವಾಹನ ಉತ್ಪಾದನೆ ಸೊನ್ನೆಗೆ ಇಳಿಯಬಹುದು ಅಂತ ಬಜಾಜ್ ಆಟೊ ಬಹಿರಂಗವಾಗಿಯೇ ಎಚ್ಚರಿಸಿತ್ತು. ಪೆಟ್ರೋಲಿಗೆ ಕೊಲ್ಲಿ ದೇಶಗಳ ಕಡೆ ನೋಡ್ತಿದ್ದವರು ಈಗ ಬೆರಳಗಲದ ಆಯಸ್ಕಾಂತಕ್ಕೆ ಬೀಜಿಂಗ್ ಕಡೆ ನೋಡಬೇಕು. ಇದನ್ನು ಸ್ವಾವಲಂಬನೆ ಅಂತ ಹೇಗೆ ಕರೆಯೋದು?

ದಾರಿ ಇಲ್ಲ ಅಂತಲ್ಲ. ಬೆಂಗಳೂರಿನ ಚಾರಾ ಟೆಕ್ನಾಲಜೀಸ್ ಅಪರೂಪದ ಲೋಹಗಳೇ ಬೇಡದ ಮೋಟಾರು ಮಾಡ್ತಿದೆ. ಓಲಾ 2025ರ ಅಕ್ಟೋಬರ್‌ನಲ್ಲಿ ಫೆರೈಟ್ ಆಯಸ್ಕಾಂತದ ಮೋಟಾರಿಗೆ ಸರ್ಕಾರಿ ಪ್ರಮಾಣಪತ್ರ ಪಡೆಯಿತು. ಎರಡರಲ್ಲೂ ತೊಡಕು ಇದೆ. ಫೆರೈಟ್ ದುರ್ಬಲ, ಅಷ್ಟೇ ಬಲ ಬೇಕಾದರೆ ಮೋಟಾರು ದೊಡ್ಡದಾಗಬೇಕು. ಆಯಸ್ಕಾಂತವೇ ಇಲ್ಲದ ರಿಲಕ್ಟೆನ್ಸ್ ಮೋಟಾರಿನಲ್ಲಿ ಸದ್ದು, ನಡುಕ ಜಾಸ್ತಿ. ಅದನ್ನು ಪಳಗಿಸೋದು ಕಂಟ್ರೋಲರ್ ಮತ್ತು ಸಾಫ್ಟ್‌ವೇರ್. ಸಾಫ್ಟ್‌ವೇರ್ ಬರೆಯೋರು ನಮ್ಮಲ್ಲಿ ಕಮ್ಮಿ ಇದ್ದಾರಾ?

ನಮ್ಮ ತೆರಿಗೆ, ನಮ್ಮ ಪ್ರಶ್ನೆ

ಶ್ರೀಮಂತರ ಆಟಿಕೆ ಬಗ್ಗೆ ನಮಗ್ಯಾಕೆ ಅಂತ ಕೇಳಬಹುದು. ಯಾಕೆ ಅಂದರೆ ಇದರಲ್ಲಿ ನಮ್ಮ ದುಡ್ಡೂ ಇದೆ. ಎಲೆಕ್ಟ್ರಿಕ್ ವಾಹನಕ್ಕೆ ಬೆಲೆ ಎಷ್ಟೇ ಇದ್ದರೂ ಜಿಎಸ್‌ಟಿ ಶೇ. 5. ಊಟ ಡೆಲಿವರಿ ಮಾಡೋ ಹುಡುಗನ 100 ಸಿಸಿ ಪೆಟ್ರೋಲ್ ಬೈಕಿಗೆ, 2025ರ ಸೆಪ್ಟೆಂಬರ್ ಇಳಿಕೆಯ ನಂತರವೂ, ಶೇ. 18. ನಾಲ್ಕು ಲಕ್ಷದ ಬೈಕಿಗೆ ನೇರ ಸಬ್ಸಿಡಿ ಇಲ್ಲದಿದ್ದರೂ ತೆರಿಗೆ ರಿಯಾಯಿತಿ ಇದ್ದೇ ಇದೆ. ಆ ರಿಯಾಯಿತಿಗೆ ಪ್ರತಿಯಾಗಿ ಸಮಾಜಕ್ಕೆ ಸಿಗಬೇಕಾದ್ದು ಬರೀ ವೇಗ ಅಲ್ಲ, ಇಲ್ಲಿ ಬೇರು ಬಿಡುವ ಮೋಟಾರು ವಿದ್ಯೆ. ದುಬಾರಿ ಬೈಕಿನಲ್ಲಿ ಕಲಿತದ್ದು ನಾಳೆ ಆ ಡೆಲಿವರಿ ಹುಡುಗನ ಅಗ್ಗದ ಸ್ಕೂಟರಿಗೆ ಇಳಿದು ಬಂದರೆ ರಿಯಾಯಿತಿ ಸಾರ್ಥಕ.

ಕರ್ನಾಟಕದ ಲೆಕ್ಕ ಇನ್ನೂ ಕಹಿ. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದವರು ನಾವು. ಏಥರ್, ಓಲಾ, ಸಿಂಪಲ್ ಎನರ್ಜಿ ಮೂರೂ ಬೆಂಗಳೂರಿನ ಕಂಪನಿಗಳು. ಕಾರ್ಖಾನೆಗಳು ಎಲ್ಲಿವೆ? ಏಥರ್ ಹೊಸೂರಿನಲ್ಲಿ, ಓಲಾ ಕೃಷ್ಣಗಿರಿ ಜಿಲ್ಲೆಯಲ್ಲಿ, ಸಿಂಪಲ್ ಶೂಲಗಿರಿಯಲ್ಲಿ. ಮೂರೂ ತಮಿಳುನಾಡು. ವಿನ್ಯಾಸ ಇಲ್ಲಿ, ಪಾಳಿ ಕೆಲಸ ಗಡಿಯಾಚೆ. ತಮಿಳುನಾಡನ್ನು ಬಯ್ಯೋದರಲ್ಲಿ ಅರ್ಥವಿಲ್ಲ, ಅವರು ತಮ್ಮ ಕೆಲಸ ಮಾಡಿದರು.

ಬೈಕು ಕಟ್ಟೋದು ಮೈಸೂರಿಗೆ ಹೊಸದೇನಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಜಾವಾ, ಆಮೇಲೆ ಯೆಜ್ಡಿ ತಯಾರಿಸಿ, 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮಾರುಕಟ್ಟೆಗೆ ವಾಪಸ್ ಬಂತು, ಆದರೆ ಬೈಕು ತಯಾರಾಗಿದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ವಾಪಸ್ ಬಂದರೆ ಕೆಲಸ ವಾಪಸ್ ಬರಲ್ಲ ಅನ್ನೋದು ಮೈಸೂರಿಗೆ ಗೊತ್ತಿದೆ.

ಹಾಗಂತ ಊರು ಖಾಲಿ ಇಲ್ಲ. ನಂಜನಗೂಡು ರಸ್ತೆಯಲ್ಲಿ ಟಿವಿಎಸ್ ಕಾರ್ಖಾನೆ ಇದೆ. ಎಲೆಕ್ಟ್ರಾನಿಕ್ಸ್ ತಯಾರಿಸುವ ಕೇನ್ಸ್ ಮೈಸೂರಿನದೇ ಕಂಪನಿ. ನಂಜನಗೂಡಿನಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡುವ ಎಟಿ ಅಂಡ್ ಎಸ್ ಇದೆ. ಎನ್ಐಇ, ಎಸ್‌ಜೆಸಿಇಯಿಂದ ವರ್ಷವರ್ಷ ಇಂಜಿನಿಯರುಗಳು ಹೊರಬರ್ತಾರೆ. ಮೋಟಾರು ಮತ್ತು ಕಂಟ್ರೋಲರ್ ತಯಾರಿಗೆ ಬೇಕಾದ ಕೈಗಳು, ಬೋರ್ಡುಗಳು ಎರಡೂ 25 ಕಿ.ಮೀ. ಅಂತರದಲ್ಲಿ ಸಿಗ್ತವೆ.

ಕೇಂದ್ರ ಸಂಪುಟ 2025ರ ನವೆಂಬರ್‌ನಲ್ಲಿ ಆಯಸ್ಕಾಂತ ತಯಾರಿಕೆಗೆ 7,280 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಗುರಿ ವರ್ಷಕ್ಕೆ 6,000 ಟನ್. ಅದು ಒಳ್ಳೆ ಹೆಜ್ಜೆ, ಆದರೆ ಒಂದೇ ದಾರಿಯನ್ನು ನೆಚ್ಚಿಕೊಂಡ ಹೆಜ್ಜೆ. ಆಯಸ್ಕಾಂತ ಕಮ್ಮಿ ಬೇಡುವ, ಬೇಡದೇ ಇರುವ ಮೋಟಾರುಗಳಿಗೆ ರಾಜ್ಯ ಸರ್ಕಾರ ಕೈ ಹಾಕಬಹುದು. ಮೈಸೂರಿನಲ್ಲಿ ಸಣ್ಣ ಕಂಪನಿಗಳೂ ಬಳಸಬಹುದಾದ ಒಂದು ಮೋಟಾರು ಪರೀಕ್ಷಾ ಕೇಂದ್ರ, ಸರ್ಕಾರಿ ಐಟಿಐಗಳಲ್ಲಿ ವೈಂಡಿಂಗ್ ಮತ್ತು ಕಂಟ್ರೋಲರ್ ರಿಪೇರಿ ಕೋರ್ಸು, ಮತ್ತು ಪ್ರೋತ್ಸಾಹಧನವನ್ನು ಜೋಡಣೆಗೆ ಕೊಡುವ ಬದಲು ಇಲ್ಲೇ ತಯಾರಾದ ಮೋಟಾರಿಗೆ ಕೊಡುವ ನಿಯಮ. ಈ ಮೂರನ್ನು ನಿಮ್ಮ ಶಾಸಕರ ಮುಂದೆ ಇಡಿ.

ತಮ್ಮನಿಗೆ ಕೊನೆಗೆ ಹೇಳಿದ್ದಿಷ್ಟು: ಟೆಸ್ಟ್ ರೈಡ್‌ಗೆ ಹೋದಾಗ ಮೂರು ಪ್ರಶ್ನೆ ಕೇಳು. ನಿರಂತರ ಪವರ್ ಎಷ್ಟು? ಮೋಟಾರು ತಯಾರಾಗೋದು ಎಲ್ಲಿ? ಕೆಟ್ಟರೆ ಮೈಸೂರಿನಲ್ಲೇ ಬಿಚ್ಚಿ ರಿಪೇರಿ ಮಾಡ್ತಾರಾ, ಇಲ್ಲ ಪೂರ್ತಿ ಬದಲಾಯಿಸ್ತಾರಾ?

ಮೊದಲನೆಯದಕ್ಕೆ ಉತ್ತರ ಸಿಕ್ತಂತೆ. ಉಳಿದೆರಡಕ್ಕೆ 'ಕೇಳಿ ಹೇಳ್ತೀವಿ ಸರ್' ಅಂದರಂತೆ.